ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಚಳಿಗಾಲ ಮುಗಿದೂ ಮುಗಿಯದ ದಿನಗಳು. ಬೆಳಗಿನ ಮೊದಲ ರಾಶಿ ಬಟ್ಟೆ ಒಣಗಿ ಹೊರಬಂದಿತ್ತು, ಎರಡನೆಯದು ಇನ್ನೂ ನೀರಿನಲ್ಲಿ ಹೊರಳುತ್ತಿತ್ತು. ಲಾಂಡ್ರಿಯ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಚಹಾ ಕುಡಿಯುವ ಹೊತ್ತು. ಆಗ ಫೋನು ಹೊಡೆದುಕೊಂಡಿತು.

ಯಜಮಾನಮ್ಮ ಹಿಂದುಗಡೆ ಬಾಯ್ಲರ್ ರಿಪೇರಿಯವನ ಜೊತೆ ಜಗಳಕ್ಕೆ ನಿಂತಿದ್ದರು. ಫೋನಿಗೆ ಹತ್ತಿರ ಇದ್ದವಳು ರೇಡಿಯೋ. ಅವಳಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಬೆಳಿಗ್ಗೆ ಏಪ್ರನ್ ಕಟ್ಟಿದಾಗ ಶುರುವಾದರೆ ಸಂಜೆ ಏಪ್ರನ್ ಬಿಚ್ಚುವವರೆಗೂ ಆರುತ್ತಿರಲಿಲ್ಲ.

"ಹಲೋ, ಯಾರು?" ಅಂದಳು. ಒಂದಿಷ್ಟು ಹೊತ್ತು ಕೇಳಿಸಿಕೊಂಡಳು. ಹುಬ್ಬು ಗಂಟಿಕ್ಕಿತು. "ಇಲ್ಲ ಸಾರ್. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ... ಇಲ್ಲ ಅಂದ್ಮೇಲೆ ಇಲ್ಲ. ಹಿಂದೇನೂ ಇರ್ಲಿಲ್ಲ."

ಫೋನು ಕುಕ್ಕಿ ಬಂದು ಕೂತು ಲೋಟ ಎತ್ತಿಕೊಂಡಳು.

"ಯಾರ್ನ ಕೇಳ್ತಿದ್ರೇ?" ಅಂದಳು ತಂಗಿ.

"ನಿನ್ನನ್ನೇ ಕಣೆ. ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ. ಆಹಾ, ಏನು ನಯ ಅಂತೀಯ ದನಿ! ಬೆಣ್ಣೇಲಿ ಅದ್ದಿ ತೆಗೆದಂಗೆ. ಅಂಥೋರ್ನೇ ನಾನು ಮೊದ್ಲು ಬಾಗ್ಲಾಚೆ ನಿಲ್ಸೋದು."

ತಂಗಿ ತಲೆಯಾಡಿಸಿದಳು. "ಸರಿಯಾಗಿ ಹೇಳ್ದೆ ಬಿಡು" ಅಂದಳು. ಇಬ್ಬರೂ ಎದ್ದು ಚಾದರ ಮಡಿಸಲು ಹೋದರು.

ತಂಗಿ ಅನ್ನುವುದು ಅವಳ ಹೆಸರಲ್ಲ. ಅವಳ ಅಕ್ಕ ಈ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ವಿಭಾಗದ ಮೇಸ್ತ್ರಿಯಾಗಿದ್ದಳು. ಒಂದು ಮುಂಜಾನೆ ಒಡೆದ ತುಟಿಯ, ಬರಿಗಾಲಿನ ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದು, "ಇವ್ಳು ನನ್ನ ತಂಗಿ. ಇನ್ನು ಇಲ್ಲೇ ಇರ್ತಾಳೆ. ಗಂಡನ ಮನೆ ಸಾಕಾಯ್ತು" ಅಂದಿದ್ದಳು. ಅಂದಿನಿಂದ ಎಲ್ಲರಿಗೂ ಅವಳು ತಂಗಿಯೇ ಆದಳು. ಈಗ ತಲೆ ನರೆತಿದೆ. ಹೊಸದಾಗಿ ಸೇರಿದ ಹುಡುಗಿಯರು ಹೇಗೆ ಕರೆಯುವುದೆಂದು ತಿಳಿಯದೆ "ತಂಗಿಯಮ್ಮ" ಅನ್ನುತ್ತಾರೆ.

ಅವಳು ಬಂದ ಹೊಸದರಲ್ಲಿ ಯಾರೋ ನಯವಾದ ದನಿಯವರು ಫೋನು ಮಾಡಿ, ಹೀಗ್ಹೀಗೆ ಒಬ್ಬಾಕೆ ಅಲ್ಲಿ ಕೆಲಸಕ್ಕಿದಾಳಾ ಅಂದಿದ್ದರು. ಫೋನು ಎತ್ತಿಕೊಂಡವಳು ಪಾಪದವಳು, "ಇದಾಳಲ್ಲ, ಕರೀಲಾ?" ಅಂದಳು. ಮಾರನೆಯ ದಿನ ಗಂಡ ಬಾಗಿಲಿಗೆ ಬಂದ. ಆ ದಿನ ಅವನು ಏನು ಮಾಡಿದ ಅನ್ನುವುದನ್ನು ಲಾಂಡ್ರಿಯಲ್ಲಿ ಆಮೇಲೆ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಅಕ್ಕ ಎಲ್ಲರನ್ನೂ ನಿಲ್ಲಿಸಿ ಒಂದು ಕಟ್ಟುಪಾಡು ಮಾಡಿದಳು. ಫೋನಿನಲ್ಲಿ ಯಾರು ಯಾರನ್ನೇ ಕೇಳಲಿ, ಆ ಹೆಸರಿನವರು ಇಲ್ಲಿ ಇಲ್ಲ. ದೇವರೇ ಕೇಳಿದರೂ ಇಲ್ಲ. ಅದು ಎಷ್ಟೋ ಹೆಂಗಸರನ್ನು ಕಾಯಿತು. ಹೊಸಬರಿಗೆ ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಚಾದರ ಕೊಡುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸುತ್ತಿದ್ದರು. ಆ ಗಂಡ ಈಗ ಇದ್ದಾನೋ ಇಲ್ಲವೋ ತಂಗಿಗೇ ತಿಳಿಯದು. ಕಟ್ಟುಪಾಡು ಮಾತ್ರ ಉಳಿದುಕೊಂಡಿತ್ತು.

ಅಕ್ಕ ಈಗ ಇಲ್ಲಿರಲಿಲ್ಲ. ಮಗಳು ಮದುವೆಯಾಗಿ ಹೊರದೇಶಕ್ಕೆ ಹೋದ ಮೇಲೆ ಅವಳೂ ಅಲ್ಲಿಗೆ ಹೋಗಿ ನೆಲೆಸಿದ್ದಳು. ಕಳೆದ ಮಳೆಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಅಂತ ತಿಳಿಯಿತು. ಕೊಯ್ದರು, ಮತ್ತೆ ಬಂತು. ವೈದ್ಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡತೊಡಗಿದಾಗ ಅಕ್ಕನೇ ಫೋನು ಮಾಡಿದಳು. "ಲೇ ಕತ್ತೆ, ಒಂದ್ಸಲ ಬಂದು ಹೋಗೇ. ನಿನ್ ಮುಖ ನೋಡ್ಬೇಕು ಅನ್ಸಿದೆ."

ಜೀವನದಲ್ಲಿ ಅಕ್ಕ ಅವಳನ್ನು ಏನನ್ನೂ ಬೇಡಿದವಳಲ್ಲ. ತಂಗಿ ಪಾಸ್‌ಪೋರ್ಟು ಮಾಡಿಸಿದಳು, ವೀಸಾಕ್ಕೆ ಹಾಕಿದಳು. ಕೆಲಸ ಎಲ್ಲಿ ಅಂತ ಕೇಳಿದ ಕಡೆ ಲಾಂಡ್ರಿಯ ಹೆಸರು, ಫೋನ್ ನಂಬರು ಬರೆಸಿದಳು. ಆ ನಂಬರಿಗೆ ಅವರು ನಿಜವಾಗಿ ಫೋನು ಮಾಡಿಯಾರು ಅಂತ ಅವಳ ಕನಸಿನಲ್ಲೂ ಇರಲಿಲ್ಲ. ಕಚೇರಿಯವರು ಕಾಗದದಲ್ಲೇ ಮಾತಾಡುವವರು ಅಂತ ಅವಳ ತಿಳುವಳಿಕೆ.

ಹೂವಿನ ಗಿಡಗಳು ಚಿಗುರುವ ಹೊತ್ತಿಗೆ ಕಾಗದವೂ ಬಂತು. ಯಜಮಾನಮ್ಮ ಕನ್ನಡಕ ಹಾಕಿಕೊಂಡು, ಅರ್ಧ ಮಡಿಸಿದ ಚಾದರಗಳ ನಡುವೆ ನಿಂತು ಓದಿ ಹೇಳಿದರು.

"ವೀಸಾ ಕೊಡೋಕಾಗಲ್ಲ ಅಂದಿದಾರೆ. ನೀನು ಹೇಳಿದ ಕೆಲಸದ ಜಾಗಕ್ಕೆ ಫೋನ್ ಮಾಡಿದ್ವಿ, ಅಲ್ಲಿಯೋರು..." ಯಜಮಾನಮ್ಮನ ದನಿ ನಿಂತಿತು. ಕಣ್ಣು ಕಾಗದದಿಂದ ಮೇಲೆದ್ದು ರೇಡಿಯೋ ಮೇಲೆ ಹೋಯಿತು. "ಅಲ್ಲಿಯೋರು, ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ, ಹಿಂದೇನೂ ಇರ್ಲಿಲ್ಲ ಅಂದ್ರು. ಅಂದ್ರೆ ನೀನು ಸುಳ್ಳು ಮಾಹಿತಿ ಕೊಟ್ಟಿದೀಯ."

ರೇಡಿಯೋ ಕೈಲಿದ್ದ ಚಾದರ ಜಾರಿ ಒದ್ದೆ ನೆಲದ ಮೇಲೆ ಬಿತ್ತು. ಒಗೆದ ಬಟ್ಟೆ ನೆಲಕ್ಕೆ ಬಿದ್ದರೆ ಇಡೀ ಲಾಂಡ್ರಿ ಕೂಗಾಡುವುದು ರೂಢಿ. ಅವತ್ತು ಯಾರೂ ತುಟಿ ಎರಡು ಮಾಡಲಿಲ್ಲ.

"ಅಯ್ಯೋ" ಅಂದಳು ರೇಡಿಯೋ, ಅವಳದ್ದಲ್ಲದ ದನಿಯಲ್ಲಿ. "ಅಯ್ಯೋ, ನನ್ನ ನಾಲ್ಗೆ ಸೀದ್ಹೋಗ್ಲಿ."

ತಂಗಿ ಬಗ್ಗಿ ಚಾದರ ಎತ್ತಿ ಮತ್ತೆ ಒಗೆಯುವ ಬುಟ್ಟಿಗೆ ಹಾಕಿದಳು. ಬೈಗುಳ ಹುಡುಕಿದರೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಸರಿಯಾಗಿ ಹೇಳ್ದೆ ಬಿಡು ಅಂದವಳು ಅವಳೇ ಅಲ್ಲವೆ.

ಯಜಮಾನಮ್ಮ ಅವರಿಬ್ಬರನ್ನೂ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಕಿಟಕಿಯ ತುಂಬ ಫೈಲು, ಕುರ್ಚಿಯ ಮೇಲೂ ಫೈಲು. ವಕೀಲೆ ಅಕ್ಕನ ಮಗಳ ವಯಸ್ಸಿನವಳು. ಪೆನ್ನಿನ ತುದಿ ಕಡಿಯುತ್ತ ಎಲ್ಲವನ್ನೂ ಕೇಳಿದಳು.

"ಹೊಸ ಅರ್ಜಿ ಹಾಕಿದ್ರೆ ಬೇಗ ಆಗಲ್ವೇನಮ್ಮ?" ಅಂದರು ಯಜಮಾನಮ್ಮ.

"ಆಗಲ್ಲಮ್ಮ. ಸುಳ್ಳು ಹೇಳಿದಾರೆ ಅನ್ನೋ ಮಾತು ಇವ್ರ ಫೈಲಲ್ಲಿ ಕೂತುಬಿಟ್ಟಿದೆ. ಅದನ್ನ ಅಳಿಸೋವರೆಗೂ ಯಾವ ಅರ್ಜಿ ಹಾಕಿದ್ರೂ ಅದೇ ಎದ್ದು ಬರತ್ತೆ. ಅಪೀಲೇ ದಾರಿ." ಆಮೇಲೆ ಅವಳು ತಂಗಿಯ ಕಡೆ ತಿರುಗಿದಳು. "ನೋಡಿ, ಏನಾಗತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ಅಪೀಲು ಸೇರಿದೆ ಅಂತ ಒಂದು ನಂಬರ್ ಬರತ್ತೆ. ಆಮೇಲೆ ಏನೂ ಬರಲ್ಲ. ಬಹಳ ದಿನ ಬರಲ್ಲ. ಮರ್ತೇಬಿಟ್ರು ಅನ್ಸತ್ತೆ. ಮರ್ತಿರಲ್ಲ, ನೀವು ಸಾಲಲ್ಲಿ ಇರ್ತೀರ. ನಡುವೆ ಅವ್ರೇ ಇನ್ನೊಂದ್ಸಲ ಫೈಲ್ ನೋಡಿ, ನಮ್ದೇ ತಪ್ಪು ಅಂತ ವೀಸಾ ಕೊಡೋದೂ ಉಂಟು. ಅದು ಅಪರೂಪ, ಕಾಯ್ಬೇಡಿ. ಇಲ್ದಿದ್ರೆ ವಿಚಾರಣೆ. ಇಲ್ಲೇ ಕೂತು ವಿಡಿಯೋದಲ್ಲಿ."

"ಗೆದ್ರೆ?" ಅಂದಳು ರೇಡಿಯೋ.

"ಗೆದ್ರೂ ಅವತ್ತೇ ಹೊರಡೋಕಾಗಲ್ಲ. ತೀರ್ಪು ಬರ್ದು ಕಳಿಸೋಕೆ ಟೈಮ್ ತಗೋತಾರೆ. ಅದರ ಮೇಲೆ ಅವ್ರ ಕಡೆಯೋರಿಗೆ ತಕರಾರು ಮಾಡೋಕೆ ಅವಕಾಶ ಇರತ್ತೆ. ಅದು ಮುಗಿದ್ಮೇಲೆ ಪಾಸ್‌ಪೋರ್ಟ್ ಕೇಳ್ತಾರೆ. ಆಗ ವೀಸಾ."

"ಅಷ್ಟೊತ್ತು ನಮ್ಮಕ್ಕ ಕಾಯ್ತಾಳಾ?" ಅಂದಳು ತಂಗಿ.

ವಕೀಲೆ ಪೆನ್ನು ಕೆಳಗಿಟ್ಟಳು. "ಡಾಕ್ಟರ್ ಹತ್ರ ಬರೆಸ್ಕೊಂಡು, ಅಪೀಲು ಬೇಗ ತಗೊಳ್ಳಿ ಅಂತ ಕೇಳೋಣ. ಕೇಳೋದು ನನ್ ಕೈಲಿದೆ."

ನಂಬರು ಬಂತು. ಆಮೇಲೆ, ಅವಳು ಹೇಳಿದ ಹಾಗೆಯೇ, ಏನೂ ಬರಲಿಲ್ಲ.

ದೊಡ್ಡ ಚಾದರ ಒಬ್ಬರ ಕೈಲಿ ಮಡಿಸಲು ಬರುವುದಿಲ್ಲ. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿಯಬೇಕು, ಜಾಡಿಸಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು, ಹಿಂದೆ ಸರಿಯಬೇಕು. ತಂಗಿ, ರೇಡಿಯೋ ಒಂದು ಜೋಡಿಯಾಗಿ ತಲೆ ನರೆಯುವಷ್ಟು ಕಾಲ ಆಗಿತ್ತು. ಬೇರೆ ಯಾರನ್ನಾದರೂ ಜೋಡಿಯಾಗಿ ಕೊಡಲೇ ಅಂತ ಯಜಮಾನಮ್ಮ ಕೇಳಿದರು. ತಂಗಿ ಬೇಡ ಅಂದಳು. ಹಾಗಾಗಿ ದಿನವಿಡೀ ಇಬ್ಬರೂ ಎದುರಿಗೆ ನಿಲ್ಲುತ್ತಿದ್ದರು. ಚಾದರ ಹಿಡಿದು ಹತ್ತಿರ ಬಂದಾಗೆಲ್ಲ ರೇಡಿಯೋ ಕಣ್ಣು ಕೆಳಗೆ ಹಾಕುತ್ತಿದ್ದಳು. ಅವಳ ಮಾತು ನಿಂತುಹೋಗಿತ್ತು. ಒಬ್ಬ ಹುಡುಗಿ ತಮಾಷೆಗೆ, "ಯಾಕೆ, ಬ್ಯಾಟ್ರಿ ಖಾಲಿನಾ?" ಅಂದಾಗ ಯಜಮಾನಮ್ಮ ಅವಳನ್ನು ಕಣ್ಣಲ್ಲೇ ಸುಟ್ಟರು.

ಸಂಜೆ ಕೆಲಸ ಬಿಡುವ ಹೊತ್ತಿಗೆ ಅಕ್ಕನಿಗೆ ಬೆಳಗಾಗುತ್ತಿತ್ತು. ಅಕ್ಕನ ಮಗಳು ಫೋನು ಹಚ್ಚಿ ಹಾಸಿಗೆಯ ಮುಂದೆ ಹಿಡಿಯುತ್ತಿದ್ದಳು. ಅಕ್ಕನ ಮುಖ ಸಣ್ಣಗಾಗುತ್ತ ಬಂದಿತ್ತು, ಬಾಯಿ ಮಾತ್ರ ಮೇಸ್ತ್ರಿಯದೇ.

"ನೋಡೇ, ಈ ಆಸ್ಪತ್ರೆಯೋರಿಗೆ ಚಾದರ ಮಡ್ಸೋಕೇ ಬರಲ್ಲ. ಮುದ್ದೆ ಮಾಡಿ ತುರುಕ್ತಾರೆ. ಒಬ್ಬ ನರ್ಸಮ್ಮಂಗೆ ಮಲಗಿದಲ್ಲಿಂದ್ಲೇ ಹೇಳ್ಕೊಟ್ಟೆ. ಈಗ ಬೇರೆ ವಾರ್ಡಿಂದ ಬಂದು ನೋಡ್ಕೊಂಡು ಹೋಗ್ತಿದಾರೆ."

"ಜಾಸ್ತಿ ಮಾತಾಡ್ಬೇಡ ಅಕ್ಕ, ಉಸಿರು ಕಟ್ಟತ್ತೆ."

"ಕಟ್ಟಿದ್ರೆ ಕಟ್ಲಿ, ಬಾಯಿ ಕಟ್ಕೊಂಡು ಬದುಕೋಕಾಗತ್ತಾ? ರೇಡಿಯೋ ಎಲ್ಲೇ? ಕಾಣ್ತಾನೇ ಇಲ್ಲ."

ರೇಡಿಯೋ ಬಾಗಿಲ ಮರೆಯಲ್ಲಿ ನಿಂತಿದ್ದಳು. ತಂಗಿ ಕರೆದರೂ ಮುಂದೆ ಬರಲಿಲ್ಲ.

"ಅವ್ಳಿಗೆ ಹೇಳೇ" ಅಂದಳು ಅಕ್ಕ, ಕೇಳಿಸಲಿ ಅಂತಲೇ ದನಿ ಎತ್ತಿ. "ಹಾಗೆ ಹೇಳ್ಬೇಕು ಅಂತ ಮಾಡಿದೋಳು ನಾನು. ಅವ್ಳು ನನ್ ಮಾತು ನಡೆಸಿದ್ಲು. ಅವ್ಳನ್ನ ಯಾರಾದ್ರೂ ಏನಾದ್ರೂ ಅಂದ್ರೆ ನಾನೇ ಎದ್ದು ಬರ್ತೀನಿ ಅಲ್ಲಿಗೆ. ನನಗೇನು ವೀಸಾ ಬೇಕಾ?" ನಗಲು ಹೋಗಿ ಕೆಮ್ಮು ಬಂತು. ಮಗಳ ಕೈ ಅಡ್ಡ ಬಂದು ಪರದೆ ಕಪ್ಪಾಯಿತು.

ಬಾಗಿಲ ಮರೆಯಲ್ಲಿ ರೇಡಿಯೋ ಏಪ್ರನ್ನನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಬೇಸಿಗೆಯ ಬಿಸಿಲು ಏರಿ, ವಕೀಲೆಯ ಮಹಡಿಯ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದಾಗ ವಿಚಾರಣೆ ನಡೆಯಿತು. ಪರದೆಯಲ್ಲಿ ನಾಲ್ಕು ಚೌಕ. ಒಂದರಲ್ಲಿ ಬಿಳಿಗೂದಲಿನ ಜಡ್ಜಮ್ಮ, ಒಂದರಲ್ಲಿ ಸರ್ಕಾರದ ಕಡೆಯ ವಕೀಲ, ಒಂದರಲ್ಲಿ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವಾತ, ಇನ್ನೊಂದರಲ್ಲಿ ಇವರೇ, ಒಬ್ಬರ ಮೇಲೊಬ್ಬರು ಒತ್ತಿಕೊಂಡು.

ಯಜಮಾನಮ್ಮ ಸಂಬಳದ ಪುರಾವೆ ತೋರಿಸಿದರು. ಆಮೇಲೆ ರೇಡಿಯೋ ಸರದಿ. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

"ಅಂದು ನಮ್ಮ ಅಧಿಕಾರಿಗೆ ನೀವು ಸುಳ್ಳು ಹೇಳಿದಿರಿ" ಅಂದ ಸರ್ಕಾರದ ವಕೀಲ. "ಇವತ್ತು ಹೇಳೋದು ನಿಜ ಅಂತ ನಾವು ಹೇಗೆ ನಂಬೋದು?"

"ಅವತ್ತು ಸುಳ್ಳು ಹೇಳಿದ್ದೂ ಇವ್ಳಿಗೋಸ್ಕರಾನೇ ಸಾರ್" ಅಂದಳು ರೇಡಿಯೋ. "ಇವತ್ತು ನಿಜ ಹೇಳ್ತಿರೋದೂ ಇವ್ಳಿಗೋಸ್ಕರಾನೇ. ಇನ್ಯಾರಿಗೋಸ್ಕರ ಹೇಳ್ಲಿ?"

ಇವರ ವಕೀಲೆ ಹಣೆ ಹಿಡಿದುಕೊಂಡಳು. ಮಾತು ದಾಟಿಸುವಾತ ಒಂದು ಕ್ಷಣ ತಡೆದು ದಾಟಿಸಿದ. ಜಡ್ಜಮ್ಮ ಏನನ್ನೋ ಬರೆದುಕೊಂಡು, ತಲೆ ಎತ್ತಿ ತಂಗಿಯನ್ನು ನೋಡಿದರು. ಇಂಥ ಕಟ್ಟುಪಾಡು ಯಾಕೆ ಬಂತು, ನೀವೇ ಹೇಳಿ ಅಂದರು.

ಅಷ್ಟು ವರ್ಷ ಬಾಯಿಗೆ ಬಾರದ ಮಾತು. ಅಕ್ಕನ ಹತ್ತಿರವೂ ಪೂರ್ತಿ ಆಡಿರಲಿಲ್ಲ. ತಂಗಿ ಮೇಜಿನ ಅಂಚು ಹಿಡಿದುಕೊಂಡಳು.

"ನನ್ ಗಂಡ ಬಂದ. ಬಾ ಮನೆಗೆ ಅಂದ. ಬರಲ್ಲ ಅಂದೆ. ಬಿಸಿ ರೋಲರ್ ತಿರುಗ್ತಿತ್ತು. ನನ್ ಕೈ ಹಿಡಿದು ಅದರ ಮೇಲೆ ಒತ್ತಿದ. ಮಡಿಸೋ ಕೈ ಅಲ್ವಾ ಇದು, ಇನ್ನೇನು ಮಡಿಸ್ತೀಯ ನೋಡ್ತೀನಿ ಅಂದ. ಅಕ್ಕ ಮರದ ಕೋಲು ತಗೊಂಡು ಬಂದು ಬಿಡಿಸಿದ್ಲು." ಎಡಗೈ ಬಿಚ್ಚಿ ಕ್ಯಾಮೆರಾಕ್ಕೆ ಹಿಡಿದಳು. ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ, ನುಣ್ಣಗೆ ಮಿರುಗುತ್ತಿತ್ತು. "ಆಮೇಲೆ ಈ ಕೈಲಿ ಮಡಿಸೋಕೆ ಅಕ್ಕಾನೇ ಮತ್ತೆ ಕಲಿಸಿದ್ಲು. ಬೆರಳು ಬೆರಳು ಹಿಡಿದು. ನಾನು ಅಲ್ಲಿ ಇರೋಕೆ ಬರ್ತಿಲ್ಲಮ್ಮ. ಅವ್ಳನ್ನ ನೋಡಿ, ವಾಪಸ್ ಬರ್ತೀನಿ. ನನ್ ಕೆಲಸ ಇಲ್ಲಿದೆ."

ಸರ್ಕಾರದ ವಕೀಲ ಇನ್ನು ಪ್ರಶ್ನೆ ಇಲ್ಲ ಅಂದ. ಜಡ್ಜಮ್ಮ ತೀರ್ಪು ಬರೆದು ಕಳಿಸುತ್ತೇನೆ ಅಂದರು, ದನಿ ಮೆತ್ತಗಿತ್ತು. ಮೆಟ್ಟಿಲು ಇಳಿಯುವಾಗ ರೇಡಿಯೋ, "ಗೆದ್ವಿ ಅನ್ಸತ್ತೆ ಕಣೆ" ಅಂದಳು. ಎಷ್ಟೋ ದಿನಗಳ ಮೇಲೆ ಅವಳಾಗಿ ಆಡಿದ ಮೊದಲ ಮಾತು.

ಗೆದ್ದರು. ಮೊದಲ ಮಳೆ ಬಿದ್ದ ವಾರ ತೀರ್ಪು ಬಂತು. ತಂಗಿ ಸುಳ್ಳು ಹೇಳಿಲ್ಲ, ಅವಳು ಹೇಳಿದ ಕಡೆಯೇ ಕೆಲಸ ಮಾಡುತ್ತಾಳೆ, ವೀಸಾ ಕೊಡಬೇಕು ಅಂತ ಬರೆದಿತ್ತು. ಲಾಂಡ್ರಿಯ ಹುಡುಗಿಯರು ಒಣಗಿಸುವ ಯಂತ್ರದ ಬಾಗಿಲು ಬಡಿದು ಸದ್ದು ಮಾಡಿದರು. ಯಜಮಾನಮ್ಮ ಎಲ್ಲರಿಗೂ ಬನ್ನು ತರಿಸಿದರು. ಸಂಜೆ ಅಕ್ಕನಿಗೆ ಹೇಳಿದಾಗ ಅವಳಿಗೆ ಉತ್ತರ ಕೊಡಲು ಬಹಳ ಹೊತ್ತು ಹಿಡಿಯಿತು.

"ಬಾ" ಅಂದಳು. "ಕಿಟಕಿ ಪಕ್ಕ... ನಿಂಗೆ ಮಂಚ ಹಾಕ್ಸಿದೀನಿ. ಚಾದರ ನಾನೇ..." ಮಿಕ್ಕಿದ್ದು ಉಸಿರಲ್ಲಿ ಹೋಯಿತು.

"ಅಕ್ಕ, ಇನ್ನು ಸ್ವಲ್ಪ ದಿನ. ಪಾಸ್‌ಪೋರ್ಟ್ ಕಳ್ಸಿ ಅಂತಾರಂತೆ. ಕಳ್ಸಿದ ತಕ್ಷಣ ಹೊರಡ್ತೀನಿ."

ಅಕ್ಕ ರೆಪ್ಪೆ ಅಲುಗಿಸಿದಳು. ಹೂಂ ಅಂದ ಹಾಗೆ.

ತಕರಾರಿನ ಅವಧಿ ಮುಗಿಯಬೇಕಿತ್ತು, ಕಾದರು. ಸರ್ಕಾರದ ಕಡೆಯವರು ತಕರಾರು ಮಾಡಲಿಲ್ಲ. ಅದು ತಿಳಿಯಲೂ ಕಾಯಬೇಕಾಯಿತು. ವಕೀಲೆ ದಿನ ಬಿಟ್ಟು ದಿನ ಪತ್ರ ಹಾಕಿದಳು, ಆಸ್ಪತ್ರೆಯ ಕಾಗದ ಮತ್ತೆ ಮತ್ತೆ ಕಳಿಸಿದಳು. ಕೊನೆಗೆ ಪಾಸ್‌ಪೋರ್ಟು ಕೇಳಿದರು. ತಂಗಿ ಅದನ್ನು ಕೊಟ್ಟು ಬಂದು, ಪೆಟ್ಟಿಗೆಗೆ ಬಟ್ಟೆ ತುಂಬಿದಳು. ಅಕ್ಕ ಚಳಿಗೆ ಹೊದೆಯುತ್ತಿದ್ದ ಹಳೆಯ ಶಾಲನ್ನು ಮೇಲಿಟ್ಟಳು.

ಪಾಸ್‌ಪೋರ್ಟು ಇನ್ನೂ ಆ ಕಚೇರಿಯಲ್ಲೇ ಇದ್ದಾಗ, ಒಂದು ಮಧ್ಯಾಹ್ನ, ತಂಗಿಯ ಮೊಬೈಲು ಏಪ್ರನ್ ಜೇಬಿನಲ್ಲಿ ಅದುರಿತು. ಅಕ್ಕನ ಮಗಳು ಆ ಹೊತ್ತಿನಲ್ಲಿ ಎಂದೂ ಮಾಡಿದವಳಲ್ಲ. ತಂಗಿ, ರೇಡಿಯೋ ಆಗ ಒಂದು ಚಾದರವನ್ನು ಜಾಡಿಸಿ ಹಿಡಿದಿದ್ದರು.

"ಚಿಕ್ಕಮ್ಮ" ಅಂದಿತು ಅತ್ತ ಕಡೆಯ ದನಿ. ಮತ್ತೆ "ಚಿಕ್ಕಮ್ಮ" ಅಂದಿತು. ಮುಂದಕ್ಕೆ ಹೋಗಲಿಲ್ಲ.

ತಂಗಿ ಅಳಲಿಲ್ಲ. ಫೋನು ಜೇಬಿಗೆ ಹಾಕಿ, ಬಿಟ್ಟಿದ್ದ ಎರಡು ಮೂಲೆ ಮತ್ತೆ ಹಿಡಿದುಕೊಂಡಳು. "ಹಿಡಿಯೇ" ಅಂದಳು. ರೇಡಿಯೋ ಹಿಡಿಯಲಾರದೆ ಅಲ್ಲೇ ಕುಸಿದಳು. ಆಮೇಲೆ ಯಜಮಾನಮ್ಮ ಬಂದು ಎಲ್ಲ ಯಂತ್ರಗಳನ್ನೂ ಆರಿಸಿದರು.

ವೀಸಾ ಹಚ್ಚಿದ ಪಾಸ್‌ಪೋರ್ಟು ಬಂದಾಗ ಅಕ್ಕನ ಕಾರ್ಯವೆಲ್ಲ ಮುಗಿದಿತ್ತು. ತಂಗಿ ಅದನ್ನು ತೆಗೆದುಕೊಂಡು ವಕೀಲೆಯ ಹತ್ತಿರ ಹೋದಳು.

"ಅಕ್ಕನ್ನ ನೋಡೋಕೆ ಅಂತ ಜಡ್ಜಮ್ಮಂಗೆ ಹೇಳಿದ್ದೆ. ಈಗ ನೋಡೋಕೆ ಅಕ್ಕ ಇಲ್ಲ. ಸುಮ್ನೆ ಹೋದ್ರೆ ಸುಳ್ಳಾಗಲ್ವಾ?"

ವಕೀಲೆ ತಲೆ ತಗ್ಗಿಸಿದಳು. "ಅವ್ರಿಗೆ ತಿಳಿಸ್ಬೇಕು. ಕಾರಣ ಬದಲಾಯ್ತಲ್ಲ. ಮಗಳ ಹತ್ರ ಹೋಗ್ತೀನಿ ಅಂತ ಕೇಳೋಣ. ಬಿಡಬಹುದು. ಹೊಸದಾಗಿ ಹಾಕಿ ಅಂದ್ರೂ ಅನ್ನಬಹುದು."

ಹೊಸದಾಗಿ ಹಾಕಿ ಅಂದರು. ಅಕ್ಕನ ಮಗಳು ಫೋನಿನಲ್ಲಿ, "ಹಾಕು ಚಿಕ್ಕಮ್ಮ, ನಾನಿದೀನಲ್ಲ" ಅಂತ ಅತ್ತಳು. "ನೋಡೋಣ ಮಗಾ" ಅಂದಳು ತಂಗಿ. ಪೆಟ್ಟಿಗೆಯಿಂದ ಬಟ್ಟೆ ತೆಗೆದು ಕಪಾಟಿಗೆ ಇಟ್ಟಳು. ಇನ್ನೊಂದು ಸಲ ಸಾಲಿನಲ್ಲಿ ನಿಲ್ಲುವ ಶಕ್ತಿ ಅವಳ ಕಾಲಿಗೆ ಇರಲಿಲ್ಲ.

ಅದಾದ ಮೇಲೂ ಇಬ್ಬರೂ ಎದುರುಬದುರು ನಿಂತು ಕೆಲಸ ಮಾಡಿದರು. ತಂಗಿ ಮೊದಲಿನ ಹಾಗೇ ಇದ್ದಳು. ಊಟದ ಡಬ್ಬಿಯಲ್ಲಿ ಪಾಲು ಕೊಡುತ್ತಿದ್ದಳು, ರೇಡಿಯೋಗೆ ಸೊಂಟ ನೋವು ಬಂದರೆ ಭಾರದ ಬುಟ್ಟಿ ತಾನೇ ಎಳೆಯುತ್ತಿದ್ದಳು. ಒಂದು ದಿನ ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬಂದಾಗ ರೇಡಿಯೋ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದ್ಸಲ ಬೈದ್ಬಿಡೇ. ಬಾಯ್ತುಂಬ ಬೈ. ನೀನು ಬೈದಿದ್ರೆ ನಾನು ಇಲ್ಲೇ ಸಾಯೋವರೆಗೂ ಇರ್ತಿದ್ದೆ. ಹೀಗೆ ಡಬ್ಬಿ ಮುಂದಕ್ಕೆ ತಳ್ತೀಯಲ್ಲ, ಅದು ನುಂಗೋಕಾಗಲ್ಲ ಕಣೆ ನಂಗೆ."

ತಂಗಿ ಬೈಯಬೇಕು ಅಂತ ಬಾಯಿ ತೆರೆದಳು. ಬೈದರೆ ಇವಳು ಉಳಿಯುತ್ತಾಳೆ ಅಂತ ಅವಳಿಗೆ ಗೊತ್ತಿತ್ತು. ಆದರೆ ಬೈಗುಳ ಹೊರಡಬೇಕಾದ ಜಾಗದಲ್ಲಿ ಆ ಕಟ್ಟುಪಾಡು ಮಾಡಿದ ಅಕ್ಕ ಕೂತಿದ್ದಳು.

"ಏನಂತ ಬೈಲೇ?" ಅಂದಳು. "ನಿನ್ ಜಾಗದಲ್ಲಿ ನಾನಿದ್ರೂ ಹಾಗೇ ಹೇಳ್ತಿದ್ದೆ."

ರೇಡಿಯೋ ಕೈ ಬಿಟ್ಟಳು. ಆ ವಾರದ ಕೊನೆಗೆ ಯಜಮಾನಮ್ಮನಿಗೆ ಹೇಳಿ ಲೆಕ್ಕ ಮುಗಿಸಿಕೊಂಡಳು. ದೂರದ ಊರಿನಲ್ಲಿ ಮಗನ ಮನೆ ಇತ್ತು. ಹೊರಡುವ ದಿನ ತಂಗಿ ಬಸ್ಸಿನವರೆಗೆ ಹೋಗಿ, ಅವಳ ಗಂಟು ಎತ್ತಿ ಮೇಲಿಟ್ಟು, ಕಿಟಕಿಯ ಕೆಳಗೆ ನಿಂತಳು. ಸಣ್ಣಗೆ ಮಳೆ ಹನಿಯುತ್ತಿತ್ತು. ರೇಡಿಯೋ ಹೋದದ್ದು ಸೋಮವಾರ. ಮಂಗಳವಾರ ತಂಗಿಯ ಎದುರಿಗೆ ನಿಂತು ಚಾದರದ ಆಚೆಯ ಎರಡು ಮೂಲೆಗಳನ್ನು ಹೊಸ ಹುಡುಗಿಯೊಬ್ಬಳು ಹಿಡಿದಳು.